ಅಮ್ಮನ ಆಸ್ಪತ್ರೆ ಬಿಲ್ಲು ಯಾರದ್ದು

ಅರವತ್ತೊಂದು ಸಾವಿರದ ನಾನೂರ ಎಂಟು ಡಾಲರ್, ಮೂವತ್ತೇಳು ಸೆಂಟ್. ಈ ಮೊತ್ತ ನನಗೆ ಬಾಯಿಪಾಠ, ಏಕೆಂದರೆ ಇದನ್ನು ಎರಡು ಕಾಗದಗಳಲ್ಲಿ ನೋಡಿದ್ದೇನೆ. ಒಂದು, ಸೇದಿ ಕಾಯಿಲೆ ಬಿದ್ದವರ ಚಿಕಿತ್ಸೆಗೆ ತಾನು ಹಾಕಿದ ದುಡ್ಡು ಕೊಡಿ ಎಂದು ನಮ್ಮ ರಾಜ್ಯ ಸಿಗರೇಟು ಕಂಪನಿಗಳ ಮೇಲೆ ಹೂಡಿದ ದಾವೆಯ ಕಡತದಲ್ಲಿ. ಇನ್ನೊಂದು, ಅಮ್ಮ ತೀರಿಕೊಂಡ ಒಂದೂವರೆ ವರ್ಷಕ್ಕೆ, ತೊಂಬತ್ತೊಂಬತ್ತರ ಜನವರಿಯಲ್ಲಿ, ಅದೇ ರಾಜ್ಯ ನನಗೆ ಕಳಿಸಿದ ರಿಜಿಸ್ಟರ್ಡ್ ಪತ್ರದಲ್ಲಿ. ಓಪಲ್ ಸ್ಟಿಡಮ್, ಅಂದರೆ ನಮ್ಮಮ್ಮ, ನರ್ಸಿಂಗ್ ಹೋಮಿನಲ್ಲಿದ್ದ ಖರ್ಚನ್ನು ಬಡವರ ಚಿಕಿತ್ಸೆಯ ಯೋಜನೆಯಡಿ ಸರ್ಕಾರ ಕೊಟ್ಟಿದೆ, ಈಗ ಅದನ್ನು ಅವರ ಮನೆ ಮಾರಿಸಿ ವಸೂಲು ಮಾಡಲಾಗುವುದು ಎಂದು ಬರೆದಿತ್ತು. ಆ ಮನೆಯಲ್ಲಿ ಇದ್ದವಳು ನಾನು. ಐವತ್ತೆರಡು ವರ್ಷ, ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಹೋಗಲು ಬೇರೆ ಜಾಗವಿಲ್ಲ.

ಅಮ್ಮ ಹದಿನೈದನೇ ವಯಸ್ಸಿಗೆ ಕೈಗವಸಿನ ಕಾರ್ಖಾನೆ ಸೇರಿದಳು, ಅದೇ ವರ್ಷ ಸೇದಲು ಕಲಿತಳು. ಪ್ಯಾಕೆಟ್ಟಿನ ಹಿಂದೆ ಬರುತ್ತಿದ್ದ ಕೂಪನ್ನುಗಳನ್ನು ಕೂಡಿಟ್ಟು ಕಂಪನಿಯಿಂದ ಒಂದು ಮೇಜಿನ ದೀಪ ತರಿಸಿಕೊಂಡಿದ್ದಳು. ಬಿಟ್ಟಿ ಬಂದದ್ದು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಬಿಟ್ಟಿಯಂತೆ!

ಅವಳ ಕೊನೆಯ ವಸಂತದಲ್ಲಿ ರಾಜ್ಯದ ವಕೀಲ ಪ್ರೂಯಿಟ್ ಕ್ಯಾಮೆರಾ ಹಿಡಿದು ನರ್ಸಿಂಗ್ ಹೋಮಿಗೆ ಬಂದ. ಅಮ್ಮನ ಮೂಗಿಗೆ ಆಮ್ಲಜನಕದ ಕೊಳವೆ. ಮೂರು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ, ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಕೊನೆಗೆ ತಾನೊಂದು ಪ್ರಶ್ನೆ ಕೇಳಿದಳು.

"ನಮ್ಮನೆ ಗತಿ ಏನಪ್ಪಾ? ಮಗಳು ಅಲ್ಲೇ ಇರೋದು."

"ನಿಮ್ಮ ಬಿಲ್ಲು ಇನ್ಮೇಲೆ ಕಂಪನಿಯವ್ರ ತಲೆ ಮೇಲೆ, ಮಿಸ್ ಓಪಲ್. ಮನೆ ಚಿಂತೆ ಬಿಟ್ಬಿಡಿ" ಎಂದ.

ಅಮ್ಮ ಬಿಟ್ಟಳು. ಮನೆಯನ್ನು ನನ್ನ ಹೆಸರಿಗೆ ಮಾಡಿಸಬೇಕೆಂದು ಅವಳಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ವಕೀಲನೇ ಹೇಳಿದ ಮೇಲೆ ಇನ್ನೇನು?

ಪತ್ರ ಬಂದ ಮರುದಿನವೇ ಕೌಂಟಿ ಕಚೇರಿಗೆ ಹೋದೆ. ಅಲ್ಲಿ ಕಿಟಕಿಯ ಹಿಂದೆ ಕೂರುವ ಡಾರ್ಲಿಸ್ ನನ್ನ ಜೊತೆ ಚರ್ಚಿನಲ್ಲಿ ಹಾಡುವವಳು. ಕಂಪನಿಗಳು ರಾಜಿಯಾಗಿ ದುಡ್ಡು ಕೊಡಲು ಒಪ್ಪಿವೆ ಎಂದು ಟಿವಿಯಲ್ಲಿ ಬಂತಲ್ಲ, ಅಮ್ಮನ ಬಿಲ್ಲೂ ಅದರಲ್ಲೇ ಇತ್ತಲ್ಲ, ಮತ್ತೆ ಮನೆಯೇಕೆ ಎಂದು ಕೇಳಿದೆ. ಡಾರ್ಲಿಸ್ ದನಿ ತಗ್ಗಿಸಿದಳು. ಆ ದುಡ್ಡು ಇನ್ನೂ ನಮ್ಮದಾಗಿಲ್ಲವಂತೆ. ಬಡವರ ಯೋಜನೆಯಲ್ಲಿ ಡಾಲರಿಗೆ ಎಪ್ಪತ್ತೈದು ಸೆಂಟು ವಾಷಿಂಗ್ಟನ್, ಅಂದರೆ ಕೇಂದ್ರ ಸರ್ಕಾರ, ಹಾಕುತ್ತದೆ, ಮಿಕ್ಕಿದ್ದು ರಾಜ್ಯ. ಹಾಗಾಗಿ ಕಂಪನಿಗಳು ಕೊಡುವುದರಲ್ಲೂ ಮುಕ್ಕಾಲು ಪಾಲು ತನಗೆ ಬರಬೇಕು ಎಂದು ವಾಷಿಂಗ್ಟನ್ ಪಟ್ಟು ಹಿಡಿದಿದೆ. ದಾವೆ ಹಾಕುವಾಗ ಪತ್ತೆಯಿಲ್ಲದವರು ಈಗ ತಟ್ಟೆ ಹಿಡಿದು ಬಂದಿದ್ದಾರೆ ಎಂದು ರಾಜ್ಯ ಕೂಗಾಡುತ್ತಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಐವತ್ತೆರಡರ ಕೂಸು ನಾನು.

ಪ್ರೂಯಿಟ್‌ಗೆ ಫೋನು ಮಾಡಿದೆ. ನನ್ನ ಹೆಸರು ಕೇಳಿದ್ದೇ ತಡ, ಬೆಣ್ಣೆಯಾದ. ವಾಷಿಂಗ್ಟನ್ ಮೊದಲು ಕೈ ತೆಗೆಯಲಿ, ಆಮೇಲೆ ನಿಮ್ಮಂಥವರದ್ದೆಲ್ಲ ನೋಡೋಣ ಎಂದು ಹೇಳಿ, ಒಂದು ಮನವಿಯ ಹಾಳೆಗಳನ್ನು ಅಂಚೆಯಲ್ಲಿ ಕಳಿಸಿದ. ಮೇಲೆ ದಪ್ಪಕ್ಷರದಲ್ಲಿ ‘ನಮ್ಮ ರಾಜ್ಯದ ದುಡ್ಡು ನಮ್ಮ ರಾಜ್ಯದಲ್ಲೇ ಇರಲಿ’ ಎಂದಿತ್ತು. ಕೆಳಗೆ ಸಣ್ಣಕ್ಷರದ ಒಂದು ಪ್ಯಾರಾ. ಅದನ್ನು ಯಾರು ಓದುತ್ತಾರೆ? ಚರ್ಚಿನ ಬುಧವಾರದ ಊಟಕ್ಕೆ ದೊಡ್ಡ ಪಾತ್ರೆ ತುಂಬ ಹುರುಳಿಕಾಯಿ ಬೇಯಿಸಿದೆ, ಜೋಳದ ಬ್ರೆಡ್ ಮಾಡಿದೆ, ತಿಂದವರ ಕೈಗೆಲ್ಲ ಪೆನ್ನು ಕೊಟ್ಟೆ. ಇನ್ನೂರ ಹನ್ನೆರಡು ಸಹಿ. ಮೊದಲನೆಯದು ನನ್ನದೇ.

ಮೇ ತಿಂಗಳಲ್ಲಿ ವಾಷಿಂಗ್ಟನ್ ಕೈ ತೆಗೆಯಿತು. ಕಾನೂನು ಮಾಡಿ, ಪೂರ್ತಿ ದುಡ್ಡು ರಾಜ್ಯಗಳಿಗೇ ಇರಲಿ ಎಂದಿತು. ಅಡುಗೆಮನೆಯ ರೇಡಿಯೋದಲ್ಲಿ ಕೇಳಿ, ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡೆ. ಮನೆ ಉಳಿಯಿತು ಎಂದುಕೊಂಡೆ. ಎಂಥ ಪೆದ್ದಿ ನಾನು.

ಪತ್ರಗಳು ನಿಲ್ಲಲಿಲ್ಲ. ಪ್ರೂಯಿಟ್ ಫೋನು ಎತ್ತಲಿಲ್ಲ. ವಿನಾಯಿತಿ ಬೇಡಿ ಅರ್ಜಿ ಹಾಕಿದೆ, ಆಗಸ್ಟಿನಲ್ಲಿ ರಾಜಧಾನಿಗೆ ವಿಚಾರಣೆಗೆ ಕರೆದರು. ಒಂದು ದಿನದ ಸಂಬಳ ಬಿಟ್ಟು ಮೂರು ಗಂಟೆ ಕಾರು ಓಡಿಸಿದೆ. ಮೇಜಿನ ಆಚೆ ರಾಜ್ಯದ ಪರ ಒಬ್ಬಳು ಎಳೆಯ ವಕೀಲೆ, ನನಗೊಬ್ಬ ಮಗಳಿದ್ದಿದ್ದರೆ ಅವಳ ವಯಸ್ಸಿನವಳು, ತುಂಬಾ ಮರ್ಯಾದೆಯವಳು. ನಾನು ಎರಡೂ ಕಾಗದ ಮುಂದಿಟ್ಟು ಒಂದೇ ಮೊತ್ತ, ನೋಡಿ ಎಂದೆ. ಒಂದೇ ಬಿಲ್ಲನ್ನು ಇಬ್ಬರ ಹತ್ತಿರ ವಸೂಲು ಮಾಡುವುದು ಯಾವ ನ್ಯಾಯ ಎಂದೆ.

ಅವಳು ತನ್ನ ಕಡತದಿಂದ ಒಂದು ಹಾಳೆ ತೆಗೆದಳು.

"ಕಂಪನಿಗಳು ಕೊಡ್ತಿರೋದು ಯಾವ ರೋಗಿಯ ಬಿಲ್ಲಿನ ದುಡ್ಡೂ ಅಲ್ಲ ಮೇಡಂ. ರಾಜ್ಯದ ನಿಲುವು ಮೊದಲಿಂದ್ಲೂ ಅದೇ. ವಾಷಿಂಗ್ಟನ್‌ಗೂ ಅದನ್ನೇ ಹೇಳಿದ್ವಿ. ಬಿಲ್ಲಿನ ದುಡ್ಡು ಅಂತ ಒಪ್ಪಿದ್ರೆ ಅವ್ರಿಗೆ ಪಾಲು ಹೋಗ್ತಿತ್ತಲ್ವಾ?"

"ಮತ್ತೆ ನಮ್ಮಮ್ಮನ್ನ ಕ್ಯಾಮೆರಾ ಮುಂದೆ ಕೂರಿಸಿದ್ದು ಯಾಕೆ?"

ಅವಳು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ಚರ್ಚಿನಲ್ಲಿ ನಾನು ಸಹಿ ಮಾಡಿಸಿದ್ದ ಅದೇ ಮನವಿ. ದಪ್ಪಕ್ಷರ, ಅದರಡಿ ಸಣ್ಣಕ್ಷರದ ಪ್ಯಾರಾ: ಈ ಹಣ ಯಾವುದೇ ರೋಗಿಯ ಚಿಕಿತ್ಸಾ ವೆಚ್ಚದ ಮರುಪಾವತಿಯಲ್ಲ ಎಂದು ಕೆಳಗೆ ಸಹಿ ಮಾಡಿದ ನಾವು ನಂಬಿದ್ದೇವೆ.

"ಇದು ನಿಮ್ಮ ಸಹಿನೇ ಅಲ್ವಾ ಮೇಡಂ?"

ನನ್ನದೇ. ವೆರ್ನಾ ಸ್ಟಿಡಮ್. ಹುರುಳಿಕಾಯಿ ಪಾತ್ರೆಯ ಪಕ್ಕದಲ್ಲಿ ನಿಂತು ಮಾಡಿದ್ದು, ಮೂಲೆಯಲ್ಲಿ ಎಣ್ಣೆಯ ಕಲೆಯೂ ಇತ್ತು. ಕಿರುಚಬೇಕು ಅನ್ನಿಸಿತು. ಆ ಹುಡುಗಿಯ ಮೇಲೆ ಕಿರುಚಿ ಏನು ಬಂತು? ಕಾಗದ ಮಡಿಸಿಕೊಂಡು ಎದ್ದೆ.

ಚಳಿಗಾಲಕ್ಕೆ ಮುಂಚೆ ಮನೆ ಮಾರಾಟವಾಯಿತು. ಇಪ್ಪತ್ತೆಂಟು ಸಾವಿರ ಬಂತು, ಅಷ್ಟನ್ನೂ ರಾಜ್ಯ ತೆಗೆದುಕೊಂಡಿತು. ನಾನು ಹಾರ್ಡ್‌ವೇರ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಗೆ ಬಂದೆ. ಕೂಪನ್ನಿನ ದೀಪವನ್ನು ಯಾರೂ ಕೇಳಲಿಲ್ಲ, ತಂದುಕೊಂಡೆ. ಉಂಡೂ ಹೋದ, ಕೊಂಡೂ ಹೋದ ಅಂದರೆ ಇದೇ, ಕಂಪನಿಯ ಹತ್ತಿರವೂ ತೆಗೆದುಕೊಂಡರು, ನಮ್ಮ ಹತ್ತಿರವೂ ತೆಗೆದುಕೊಂಡರು ಎಂದು ಕೌಂಟಿ ಕಚೇರಿಯಲ್ಲಿ ಡಾರ್ಲಿಸಳ ಮುಂದೆ ಬೈದುಕೊಂಡೆ. ಇಪ್ಪತ್ತೆಂಟು ಸಾವಿರವೂ ರಾಜ್ಯದ ಹೊಟ್ಟೆಗೇ ಹೋಯಿತಲ್ಲ ಎಂದೆ.

ಡಾರ್ಲಿಸ್ ತಲೆ ಎತ್ತಲಿಲ್ಲ.

"ಅಷ್ಟೂ ನಮ್ಗೆ ಉಳಿಯಲ್ಲ ಕಣೇ. ಮುಕ್ಕಾಲು ಪಾಲು ವಾಷಿಂಗ್ಟನ್‌ಗೆ ಕಳಿಸ್ಬೇಕು."

"ಅವ್ರು ಕೈ ತೆಗೆದ್ರಲ್ಲ?"

"ಅದು ಕಂಪನಿ ದುಡ್ಡಿಗೆ. ಮನೆ ದುಡ್ಡಿಗಲ್ಲ."

ಕಂಪನಿಗಳು ಕೊಡುವ ಅಷ್ಟು ಕೋಟಿಗಳಲ್ಲಿ ಒಂದು ಸೆಂಟೂ ವಾಷಿಂಗ್ಟನ್ನಿಗೆ ಹೋಗಲಿಲ್ಲ. ಅದರ ಪಾಲನ್ನು ಚಾಚೂ ತಪ್ಪದೆ ಕೊಟ್ಟವಳು ನಮ್ಮಮ್ಮ. ರಸೀದಿ ಬೇಕು, ಅವಳ ಹೆಸರಿನಲ್ಲೇ ಬರೆದುಕೊಡು ಎಂದೆ. ಡಾರ್ಲಿಸ್ ಬರೆದುಕೊಟ್ಟಳು.