ಬಾಟಲಿಗೆ ಬಿದ್ದ ಮೊಟ್ಟೆ

ನೀವು ಜೀವನದಲ್ಲಿ ಯಾರ್ಯಾರನ್ನೋ ಬಕ್ರಾ ಮಾಡಿರಬಹುದು. ಆದರೆ ಕಿಡ್ನಿಯ ಮೇಲೆ ಡಾಕ್ಟರೇಟ್ ಮಾಡಿದ ವಿಜ್ಞಾನಿಯನ್ನು ಒಂದೇ ಒಂದು ಕೋಳಿಮೊಟ್ಟೆಯಲ್ಲಿ ಬಕ್ರಾ ಮಾಡಿದ ಗಂಡು ಈ ಭೂಮಿಯ ಮೇಲೆ ಒಬ್ಬನೇ. ಅವನ ಕಥೆಯನ್ನೇ ನೀವೀಗ ಓದುತ್ತಿರುವುದು. ಶಿಳ್ಳೆ ಹೊಡೆಯುವವರು ಹೊಡೆಯಬಹುದು.

ಆ ವಿಜ್ಞಾನಿ ನನ್ನ ಸ್ವಂತ ಅಕ್ಕ. ಕಸಿ ಮಾಡಿದ ಕಿಡ್ನಿಯನ್ನು ಮೈ ಒಲ್ಲೆ ಅನ್ನುವ ಮೊದಲೇ ಮೂತ್ರ ನೋಡಿ ಅದನ್ನು ಪತ್ತೆ ಹಚ್ಚುವುದು ಹೇಗೆ ಎನ್ನುವುದು ಅವಳ ಸಂಶೋಧನೆ. ಊಟಕ್ಕೆ ಕೂತರೂ ಉಚ್ಚೆಯ ಮಾತೇ. ಅಮ್ಮ ಸೌಟು ಎತ್ತಿದ ಮೇಲೆಯೇ ನಿಲ್ಲಿಸುತ್ತಿದ್ದಳು. ಅಣ್ಣನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಅಮ್ಮನೇ ಸೌಟು ಕೆಳಗಿಟ್ಟು ಕೇಳತೊಡಗಿದಳು.

ಅಣ್ಣ ಲೇತ್ ಮೆಷಿನ್ ಕೆಲಸದವನು, ಬಾಗಿಲಷ್ಟು ಅಗಲದ ಆಳು. ಈಗ ದಿನ ಬಿಟ್ಟು ದಿನ ಡಯಾಲಿಸಿಸ್ ಕುರ್ಚಿಗೆ ಒರಗುತ್ತಾನೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಅಕ್ಕನ ರಕ್ತ ಹೊಂದಲಿಲ್ಲ. ಹೊಂದಿದ್ದು ನನ್ನದು. ಸುದ್ದಿ ಬಂದ ದಿನ ಅಣ್ಣನ ಕುರ್ಚಿಯ ಮುಂದೆ ಕಾಲರ್ ಎತ್ತಿ ನಿಂತು ಡೈಲಾಗ್ ಹೊಡೆದೆ.

“ಅಣ್ಣಾ, ಈ ಮೈಯಲ್ಲಿ ಎರಡಿದೆ. ಒಂದು ನಿಂದು. ಇನ್ನೊಂದೂ ಬೇಕು ಅಂದ್ರೆ ಯೋಚ್ನೆ ಮಾಡ್ಬೇಕು.”

ನರ್ಸುಗಳು ನಕ್ಕರು. ಅಣ್ಣ ನಗಲಿಲ್ಲ. ಸೂಜಿ ಇಲ್ಲದ ಕೈಯಿಂದ ನನ್ನ ಶರ್ಟಿನ ತುದಿ ಹಿಡಿದವನು ತುಂಬಾ ಹೊತ್ತು ಬಿಡಲಿಲ್ಲ.

ಆಪರೇಷನ್ನಿಗೆ ಮೊದಲು ದಾನಿಯ ಮೂತ್ರವನ್ನು ಎರಡು ಪಾಲು ಮಾಡುತ್ತಾರೆ. ಒಂದು ಆಸ್ಪತ್ರೆಯಲ್ಲಿ ಅದ್ದಿ ನೋಡುವ ಕಾಗದದ ಪಟ್ಟಿಗೆ, ಇನ್ನೊಂದು ಅಕ್ಕನ ಲ್ಯಾಬಿನ ಫ್ರಿಜ್ಜಿಗೆ. ಒಳ್ಳೆಯ ಕಿಡ್ನಿ ಒಳ್ಳೆಯ ಜರಡಿಯಿದ್ದಂತೆ, ಪ್ರೋಟೀನನ್ನು ಕೆಳಗೆ ಬಿಡುವುದಿಲ್ಲ. ಬಿಟ್ಟರೆ ಪಟ್ಟಿ ಹಸಿರಾಗುತ್ತದೆ, ಅಂಥವನ ಕಿಡ್ನಿ ಯಾರಿಗೂ ಬೇಡ. ಇದನ್ನೆಲ್ಲ ಕಲಿಸಿದವಳು ಅಕ್ಕ. ಮೊಟ್ಟೆಯ ಬಿಳಿಯೂ ಪ್ರೋಟೀನೇ ಎಂಬುದು ಮಾತ್ರ ನನ್ನ ಸ್ವಂತ ಸಂಶೋಧನೆ.

ಮಾತ್ರೆ ಡಬ್ಬಿಯಲ್ಲಿ ಅದನ್ನು ಬಚ್ಚಿಟ್ಟುಕೊಂಡು ಹೋಗಿ, ಆಸ್ಪತ್ರೆಯ ಟಾಯ್ಲೆಟ್ಟಿನಲ್ಲಿ ಬಾಟಲಿಗೆ ಸುರಿದು ಕುಲುಕಿದೆ. ಪಟ್ಟಿ ಕಡು ಹಸಿರಾಯಿತು. ಟೆಕ್ನಿಷಿಯನ್ ನನ್ನ ಮುಖವನ್ನೊಮ್ಮೆ, ಪಟ್ಟಿಯನ್ನೊಮ್ಮೆ ನೋಡಿದ. ಸೂಪರ್ ಹಿಟ್.

ಆ ವಾರವೇ ಅಕ್ಕ ಲ್ಯಾಬಿಗೆ ಕರೆಸಿದಳು. ಮೇಜಿನ ಮೇಲೆ ಸಣ್ಣ ಸಣ್ಣ ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಉಳಿದ ಗುಳಿಗಳು ನೀರಿನಂತಿದ್ದವು, ಒಂದು ಸಾಲು ಮಾತ್ರ ಕಡು ಹಳದಿ. ಪ್ರೋಟೀನ್ ಸಿಕ್ಕರೆ ಹಳದಿಯಾಗುತ್ತದಂತೆ, ಆ ಸಾಲು ನನ್ನದಂತೆ. ಬಾಟಲಿ ಅದಲುಬದಲಾಗಿರಬೇಕೆಂದು ಮತ್ತೆ ಮತ್ತೆ ಮಾಡಿ ನೋಡಿದಳಂತೆ. ಅವಳ ಕಣ್ಣು ಅತ್ತು ಊದಿಕೊಂಡಿತ್ತು. ನನ್ನಿಂದ ನೋಡಲಾಗಲಿಲ್ಲ.

“ಅಕ್ಕಾ, ಕ್ಲೈಮ್ಯಾಕ್ಸ್ ಕೇಳು. ಆ ಪ್ರೋಟೀನು ನಂದಲ್ಲ, ಕೋಳೀದು. ಮೊಟ್ಟೆ ಹಾಕಿದ್ದೆ. ತಮಾಷೆಗೆ.”

ಕಪಾಳಕ್ಕೆ ಬೀಳುತ್ತದೆ ಎಂದುಕೊಂಡೆ. ಅವಳು ಸ್ಟೂಲಿನ ಮೇಲೆ ಮೆಲ್ಲಗೆ ಕೂತಳು.

“ಆಸ್ಪತ್ರೆ ಪಟ್ಟಿ ಕೋಳೀದಕ್ಕೂ ಹಸಿರಾಗತ್ತೆ ಕಣೋ. ನನ್ನ ಪರೀಕ್ಷೆ ಹಾಗಲ್ಲ. ಮನುಷ್ಯನ ರಕ್ತದ ಪ್ರೋಟೀನ್ ಬಿಟ್ರೆ ಬೇರೇನನ್ನೂ ಹಿಡಿಯಲ್ಲ. ಮೊಟ್ಟೆ ಅದರ ಕಣ್ಣಿಗೆ ಬೀಳೋದೇ ಇಲ್ಲ.”

ಯಾವ ಸನ್ನಿವೇಶಕ್ಕೂ ನನ್ನ ಬಳಿ ಡೈಲಾಗ್ ಇರುತ್ತದೆ. ಅವತ್ತು ಹಳದಿ ಸಾಲಿಗೆ ಬೆರಳು ತೋರಿಸಿ, “ಹಾಗಾದ್ರೆ ಇದು ನಂದೇನಾ?” ಎಂದಷ್ಟೇ ಕೇಳಿದೆ.

ಅಕ್ಕ ನನ್ನ ಜೇಬುಗಳನ್ನೆಲ್ಲ ತಡಕಿ ಹೊಸ ಬಾಟಲಿ ಕೊಟ್ಟು, ಟಾಯ್ಲೆಟ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಸಂಜೆಯವರೆಗೆ ಕಾದೆವು. ಆ ಗುಳಿಯೂ ನಮ್ಮ ಕಣ್ಣೆದುರೇ ಹಳದಿಯಾಯಿತು.

“ಅಣ್ಣಂಗೂ ಹೀಗೇ ಶುರುವಾಗಿದ್ದಿರ್ಬೇಕು,” ಎಂದಳು. “ನೋವಿರ್ಲಿಲ್ಲ, ಏನಿರ್ಲಿಲ್ಲ. ಆಗ ಯಾರೂ ನೋಡ್ಲಿಲ್ಲ.”

ನನಗಿನ್ನೂ ಮೊದಲ ಹಂತವಂತೆ, ಮಾತ್ರೆಯಲ್ಲಿ ತಡೆಯಬಹುದಂತೆ. ಆದರೆ ಅಣ್ಣನಿಗೆ ಕೊಡುವ ಮಾತು ಮುಗಿಯಿತು. ಅಕ್ಕ ಮನೆಯಲ್ಲಿ ಕಾಯಿಲೆಯನ್ನು ಹೇಳಿದಳು, ಮೊಟ್ಟೆಯನ್ನು ನುಂಗಿಕೊಂಡಳು. ಅಮ್ಮ ಒಲೆ ಆರಿಸಿ ಗೋಡೆಗೆ ಒರಗಿದಳು. ಅಣ್ಣ ಮತ್ತೆ ನನ್ನ ಶರ್ಟಿನ ತುದಿ ಹಿಡಿದ.

“ಲೇ ಹೀರೋ, ನಿಂದೆರಡನ್ನೂ ನೀನೇ ಇಟ್ಕೊಳೋ. ಕೊಡ್ತೀನಿ ಅಂತ ಬಂದ್ಯಲ್ಲ, ನಂಗಷ್ಟು ಸಾಕು.”

ತಮಾಷೆಗೆ ಎಂದು ಅಕ್ಕನಿಗೆ ಹೇಳಿದೆ, ನಿಮ್ಮ ಹತ್ತಿರವೂ ಹಾಗೆಯೇ ಬುರುಡೆ ಬಿಟ್ಟೆ. ಸರ್ಜನ್ ನನ್ನ ಶರ್ಟೆತ್ತಿ, ಕೊಯ್ಯುವುದು ಇಲ್ಲಿಂದ ಇಲ್ಲಿಗೆ ಎಂದು ಪಕ್ಕೆಯ ಮೇಲೆ ತಣ್ಣನೆಯ ಬೆರಳಲ್ಲಿ ಗೆರೆ ಎಳೆದಾಗಲೇ ಈ ಗಂಡಿನ ಧೈರ್ಯ ಹಾರಿಹೋಗಿತ್ತು. ಬಾಟಲಿ ಕುಲುಕುತ್ತಾ ನಾನು ಬೇಡಿಕೊಂಡದ್ದು ಒಂದೇ: ನನ್ನ ಕಿಡ್ನಿ ಯಾರಿಗೂ ಬೇಡವಾಗಲಿ.