ದೊಡ್ಡ ಪರದೆಯ ಮೇಲೆ ಅತ್ತೆಯ ಮಾತು

ಮಗಳಿಗೆ ಆರು ವರ್ಷವಾಗಿದ್ದಾಗ ನಾನು ಅವಳಿಗೊಂದು ಮಾತು ಕೊಟ್ಟಿದ್ದೆ. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಬಾಯಿಂದ ಮಾತೂ ಇಲ್ಲ. ಅವತ್ತು ಊಟಕ್ಕೆ ಕೂತವರೆಲ್ಲ ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದೆವು. ಅವಳು ನನ್ನ ತೋಳು ಜಗ್ಗಿ ಏನೆಂದು ಕೇಳಿದಳು. ‘ಆಮೇಲೆ ಹೇಳ್ತೀನಿ’ ಎಂದು ಕೈಯಾಡಿಸಿದೆ. ಅವಳು ತಟ್ಟೆ ಎತ್ತಿಕೊಂಡು ಹೋಗಿ ಬಾಗಿಲ ಹಿಂದೆ ಕೂತು ಒಬ್ಬಳೇ ಉಂಡಳು. ಹೋಗಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. ‘ಇನ್ಮೇಲೆ ಆಮೇಲೆ ಅನ್ನಲ್ಲ. ನಿನ್ನೆದುರು ಯಾರು ಏನೇ ಅಂದ್ರೂ ಆಗಲೇ ಹೇಳ್ತೀನಿ, ಅಂದ ಹಾಗೇ ಹೇಳ್ತೀನಿ’ ಎಂದೆ.

ಈಗ ಅವಳಿಗೆ ಹತ್ತೊಂಬತ್ತು. ಪುಸ್ತಕ ಬೈಂಡ್ ಮಾಡುವ ಅಂಗಡಿಯೊಂದರಲ್ಲಿ ಎಂಟು ತಿಂಗಳಿಂದ ಕೆಲಸ ಮಾಡುತ್ತಿದ್ದಾಳೆ. ನಾನು ಲಾಂಡ್ರಿಯಲ್ಲಿ ಇಸ್ತ್ರಿಯವನು. ಹೋಟೆಲು, ಆಸ್ಪತ್ರೆಗಳ ಹಾಸುಬಟ್ಟೆ ಗುಡ್ಡಗುಡ್ಡವಾಗಿ ಬರುತ್ತದೆ. ಯಂತ್ರಗಳ ಗದ್ದಲದಲ್ಲಿ ಪಕ್ಕದವನು ಅರಚಿದರೂ ಕೇಳಿಸದು. ಮಗಳಿಗೆಂದು ಕಲಿತ ಕೈಮಾತನ್ನು ಅಲ್ಲಿ ನಾಲ್ಕು ಜನಕ್ಕೆ ಕಲಿಸಿದ್ದೇನೆ. ‘ಹಬೆ ಜಾಸ್ತಿಯಾಯ್ತು’ ಎನ್ನುವುದಕ್ಕಿಂತ ‘ಸೂಪರ್‌ವೈಸರ್ ಬಂದ’ ಎನ್ನುವುದನ್ನು ಅವರು ಬೇಗ ಕಲಿತರು.

ಕಳೆದ ಶುಕ್ರವಾರ ಎರಡು ಪಾಳಿ ಮುಗಿಸಿ ಮನೆಗೆ ಬಂದರೆ ಊಟದ ಮೇಜಿನ ಮೇಲೆ ಹೊಸ ಫೋನು. ಮಗಳು ಸಂಬಳದಲ್ಲಿ ಉಳಿಸಿ ತಂದಿದ್ದಳು. ನನ್ನಾಕೆ ಅದನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದಳು.

‘ಇದೇನ್ರೀ ಇದು, ಫೋನೋ ತರಕಾರಿ ಹೆಚ್ಚೋ ಮಣೆಯೋ? ಇದನ್ನ ಜೇಬಲ್ಲಿಟ್ರೆ ಜೇಬಿಗೇ ಒಂದು ಜೇಬು ಹೊಲಿಸಬೇಕು.’

ನನ್ನ ಮೊದಲ ಅಭಿಪ್ರಾಯವೂ ಅಷ್ಟೇನೂ ಚೆನ್ನಾಗಿರಲಿಲ್ಲ. ಹಿಡಿದರೆ ಮುಂಗೈ ನೋಯುವಷ್ಟು ಭಾರ. ಹೆಬ್ಬೆರಳು ಪರದೆಯ ಆಚೆ ಮೂಲೆಗೆ ಮುಟ್ಟದು. ಮುಟ್ಟಿದಲ್ಲೂ ಅದು ಕ್ಯಾರೇ ಅನ್ನಲಿಲ್ಲ. ಇಪ್ಪತ್ತೆರಡು ವರ್ಷ ಬಿಸಿ ಬಟ್ಟೆ ಎಳೆದೆಳೆದು ನನ್ನ ಬೆರಳ ತುದಿ ತೊಗಲಾಗಿ ಹೋಗಿದೆ. ಮಗಳು ನಗುತ್ತ ನನ್ನ ಕಿರುಬೆರಳು ಹಿಡಿದು ಒತ್ತಿಸಿದಳು. ಇಡೀ ಕೈಯಲ್ಲಿ ಅದೊಂದನ್ನು ಮಾತ್ರ ಫೋನು ಮನುಷ್ಯರ ಬೆರಳೆಂದು ಒಪ್ಪಿತು.

ಆಮೇಲೆ ಅವಳು ಗೆಳತಿಗೆ ವಿಡಿಯೋ ಕರೆ ಮಾಡಿದಳು. ಆಗ ನಾನು ಬಾಯಿ ಮುಚ್ಚಿಕೊಂಡೆ. ಹಳೆಯ ಫೋನಿನಲ್ಲಿ ಆ ಹುಡುಗಿಯ ಬೆರಳುಗಳು ಅಕ್ಕಿಕಾಳಿನಂತೆ ಕಾಣುತ್ತಿದ್ದವು, ಅರ್ಧ ಮಾತನ್ನು ಊಹಿಸಿಕೊಳ್ಳಬೇಕಿತ್ತು. ಇದರಲ್ಲಿ ಮೊಣಕೈಯಿಂದ ಉಗುರಿನ ತನಕ ಪೂರ್ತಿ ಕಾಣುತ್ತಿತ್ತು. ಇಬ್ಬರೂ ಮುಕ್ಕಾಲು ಗಂಟೆ ಹರಟಿದರು. ಮನೆಯಲ್ಲಿ ಸದ್ದಿಲ್ಲ, ಹರಟೆಗೆ ಮಾತ್ರ ಬಿಡುವಿಲ್ಲ.

ಫೋನಿಗೆ ಇನ್ನೊಂದು ವಿದ್ಯೆ ಇತ್ತು. ಎದುರಿಗಿಟ್ಟರೆ ಆಡಿದ ಮಾತನ್ನೆಲ್ಲ ಬೆರಳುಗಾತ್ರದ ಅಕ್ಷರದಲ್ಲಿ ಬರೆಯುತ್ತ ಹೋಗುತ್ತದೆ. ನನ್ನಾಕೆ ಕನ್ನಡಕವಿಲ್ಲದೆ ತನ್ನ ಬೈಗುಳವನ್ನು ತಾನೇ ಓದಿಕೊಂಡು ‘ನಾನು ಇಷ್ಟು ಗಟ್ಟಿಯಾಗಿ ಮಾತಾಡ್ತೀನಾ?’ ಎಂದಳು.

ಭಾನುವಾರ ನನ್ನ ಅಕ್ಕ ಬಂದಳು. ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ, ಆದರೆ ಮನಸ್ಸು ಬಾಯಿಗಿಂತ ಯಾವಾಗಲೂ ಹಿಂದೆ. ಫೋನು ನೀರಿನ ಜಗ್ಗಿಗೆ ಒರಗಿ ನಿಂತಿತ್ತು.

‘ಇಷ್ಟು ದೊಡ್ಡದು ಇವಳಿಗ್ಯಾಕೋ?’ ಅಂದಳು ಅಕ್ಕ ಕೂರುತ್ತಲೇ. ‘ಕಿವಿಗಿಟ್ಟುಕೊಳ್ಳೋದಂತೂ ಇಲ್ಲ. ಒಳಕೋಣೇಲಿ ಅಂಟು ಹಚ್ಚೋಳಿಗೆ ಈ ಜಂಭ ಬೇಕಾ?’

ಮಗಳು ಎಂದಿನಂತೆ ನನ್ನತ್ತ ನೋಡಿದಳು. ನನ್ನ ಕೈ ಎಂದಿನಂತೆ ಎದ್ದಿತು. ‘ಫೋನು ಚೆನ್ನಾಗಿದೆ ಅಂತಾಳೆ ಅತ್ತೆ. ಕೆಲಸ ಹೇಗಿದೆ ಅಂತ ಕೇಳ್ತಿದ್ದಾಳೆ.’

ಮಗಳು ಪರದೆಯನ್ನು ನೋಡಿದಳು. ಮತ್ತೆ ನನ್ನ ಕೈ ನೋಡಿದಳು. ಪರದೆಯನ್ನು ಇನ್ನೊಮ್ಮೆ ಓದಿದಳು. ಆಮೇಲೆ ಫೋನನ್ನು ಅತ್ತೆಯ ಕಡೆ ತಿರುಗಿಸಿದಳು.

ಅಕ್ಕ ಓದಿ ಬಾಯಿಗೆ ಕೈ ಅಡ್ಡ ಹಿಡಿದಳು. ನನ್ನ ಕಿವಿಯ ಹತ್ತಿರ ಬಗ್ಗಿ, ‘ಅಂದಿದ್ದೆಲ್ಲ ಬರೆಯುತ್ತೇನೋ ಇದು? ಮೊದಲೇ ಹೇಳೋಕೇನಾಗಿತ್ತೋ ನಿನಗೆ?’ ಎಂದು ಪಿಸುಗುಟ್ಟಿದಳು. ಫೋನು ಅದನ್ನೂ ಬರೆಯಿತು.

ಮಗಳು ಅಳುತ್ತಾಳೆ ಅಂದುಕೊಂಡೆ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

‘ಅತ್ತೆ ಯಾವಾಗ್ಲೂ ಹೀಗೇನಾ?’ ಎಂದು ಕೈಯಲ್ಲಿ ಕೇಳಿದಳು. ‘ಎಷ್ಟು ಮಜವಾಗಿದ್ದಾಳೆ. ನೀನು ಹೇಳ್ತಿದ್ದ ಅತ್ತೆ ಬರೀ ಸಪ್ಪೆ. ಬಂದಾಗಲೆಲ್ಲ ಚೆನ್ನಾಗಿದೆ, ಚೆನ್ನಾಗಿದೆ ಅಷ್ಟೇ.’

ನಾನು ಮೊದಲು ಅವಳಿಗೆ ಹೇಳದೆ ಬಿಟ್ಟ ಮಾತು ಯಾವುದೆಂದು ನನಗೇ ನೆನಪಿಲ್ಲ. ಬಸ್ಸಿನಲ್ಲಿ ಯಾರೋ ಅಂದ ‘ಪಾಪ’ ಇರಬೇಕು. ಆಮೇಲೆ ಮೇಷ್ಟ್ರೊಬ್ಬರು ಅಂದದ್ದು. ದಣಿದು ಬಂದ ದಿನ ಮಾತನ್ನು ಗಿಡ್ಡ ಮಾಡಿದೆ, ದಣಿಯದ ದಿನ ಮೆತ್ತಗೆ ಮಾಡಿದೆ. ಬಟ್ಟೆಯ ಸುಕ್ಕು ತೆಗೆದಂತೆ ಅವಳ ಕಡೆ ಹೋಗುವ ಮಾತಿನ ಸುಕ್ಕನ್ನೆಲ್ಲ ತೆಗೆದೇ ಕಳಿಸಿದೆ. ಅದನ್ನು ಸುಳ್ಳು ಎಂದು ಕರೆಯಬೇಕೆಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ.

ಅಕ್ಕ ಹೋದ ಮೇಲೆ ಮಗಳ ನಗು ನಿಂತಿತು.

‘ಯಜಮಾನ್ರು ನನ್ನ ಕೆಲಸಕ್ಕೆ ಸೇರಿಸ್ಕೊಂಡ ದಿನ ನಿಜಕ್ಕೂ ಏನಂದ್ರು?’

ಆ ದಿನ ನಾನು ಅವಳಿಗೆ ಹೇಳಿದ್ದು: ‘ನಿನ್ನ ಹೊಲಿಗೆ ನಯವಾಗಿದೆ, ಅದಕ್ಕೇ ಒಳಕೋಣೆಯ ನಾಜೂಕು ಕೆಲಸ ನಿನಗೇ ಕೊಡ್ತಾರಂತೆ.’ ಎಂಟು ತಿಂಗಳು ಅವಳು ಇದನ್ನೇ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಈಗ ಮುಂದಿನ ಕೌಂಟರಿನ ಹೆಂಗಸು ಕೆಲಸ ಬಿಟ್ಟಿದ್ದಳು. ಆ ಜಾಗ ತನಗೆ ಬೇಕೆಂದು ಮಗಳು ಕೇಳುವವಳಿದ್ದಳು. ಎಷ್ಟು ಚೆನ್ನಾಗಿ ಹೊಲಿಯುತ್ತೇನೆಂದು ಅವರಿಗೆ ಗೊತ್ತೇ ಇದೆಯಲ್ಲ ಎಂಬ ಧೈರ್ಯ.

ನನ್ನ ಕೈ ತಾನಾಗಿ ಎದ್ದು ‘ಆಮೇಲೆ’ ಎಂದಿತು.

ಅವಳು ಅಂದಳು: ‘ಸರಿ. ನಾಳೆ ನೀನೂ ಬಾ. ಅವರ ಮಾತನ್ನ ಫೋನು ಬರೆಯುತ್ತೆ. ನನ್ನ ಮಾತನ್ನ ಮಾತ್ರ ನೀನು ಬಾಯಲ್ಲಿ ಹೇಳು. ಅವರು ಮಾತಾಡುವಾಗ ನಿನ್ನ ಕೈ ಜೇಬಲ್ಲಿರಲಿ.’

ಸೋಮವಾರ ಅರ್ಧ ದಿನ ರಜೆ ಹಾಕಿ ಹೋದೆ. ಅಂಗಡಿಯಲ್ಲಿ ಅಂಟಿನ ವಾಸನೆ, ನೆಲದಿಂದ ಎದೆಮಟ್ಟದ ತನಕ ಹೊಲಿಯದ ಹಾಳೆಗಳ ಕಟ್ಟು. ಮೂಲೆಯಲ್ಲಿ ಕಾಗದ ಕತ್ತರಿಸುವ ಯಂತ್ರದ ಅಲಗು ಧಡ್ ಧಡ್ ಎಂದು ಬೀಳುತ್ತಿತ್ತು. ಮಗಳು ಕೌಂಟರಿನ ಮೇಲೆ ಫೋನು ನಿಲ್ಲಿಸಿ, ತನಗೆ ಆ ಜಾಗ ಬೇಕೆಂದು ಕೈಯಲ್ಲಿ ಹೇಳಿದಳು. ನಾನು ಬಾಯಲ್ಲಿ ಹೇಳಿ ಕೈ ಜೇಬಿಗಿಳಿಸಿದೆ.

ಯಜಮಾನರು ಅವಳನ್ನು ನೋಡಲಿಲ್ಲ, ನನ್ನೊಂದಿಗೆ ಮಾತಾಡಿದರು. ‘ನಿಮ್ಮ ಮಗಳು ಕೆಲಸದಲ್ಲಿ ಚಿನ್ನ ಕಣ್ರೀ’ ಎನ್ನುವುದು ಪರದೆಯ ಮೇಲೆ ನೀಟಾಗಿ ಬಂತು. ಆಮೇಲೆ ಯಂತ್ರದ ಸದ್ದು ಜೋರಾಯಿತು. ಫೋನು ಅರ್ಧ ಪದ ಬರೆದು ಅಳಿಸಿತು, ಇನ್ನೊಂದು ಬರೆದು ಅಳಿಸಿತು, ಕೊನೆಗೆ ಬೆಳ್ಳಗೆ ನಿಂತುಬಿಟ್ಟಿತು. ಅಷ್ಟಗಲದ ಪರದೆಯಲ್ಲಿ ಒಂದಕ್ಷರವಿಲ್ಲ. ಯಜಮಾನರು ಮಾತಾಡುತ್ತಲೇ ಇದ್ದರು.

‘ಆದರೆ ಮುಂದೆ ಕೂರಿಸೋಕಾಗಲ್ಲ. ಮೂಗಿಯನ್ನ ಕೂರಿಸಿದ್ದಾರೆ ಅಂತ ಬಂದವರು ಮುಖ ಕಿವುಚ್ತಾರೆ. ಯಾರ ಕಣ್ಣಿಗೂ ಬೀಳದ ಹಾಗೆ ಒಳಗಿರಲಿ ಅಂತ ಸೇರಿಸ್ಕೊಳ್ಳೋವಾಗಲೇ ಹೇಳಿದ್ನಲ್ಲ. ನೀವವಳಿಗೆ ಹೇಳಿಲ್ವಾ? ಹೋಗ್ಲಿ ಬಿಡಿ, ಇದನ್ನೆಲ್ಲ ಹೇಳೋಕೆ ಹೋಗಬೇಡಿ, ನೊಂದ್ಕೋತಾಳೆ. ಆ ಜಾಗಕ್ಕೆ ಆಗಲೇ ಬೇರೆಯವರು ಬಂದಾಯ್ತು ಅಂದುಬಿಡಿ.’

ಮಗಳು ಫೋನಿನಿಂದ ತಲೆಯೆತ್ತಿ ನನ್ನ ಜೇಬುಗಳನ್ನು ನೋಡಿದಳು.

ಯಜಮಾನರು ಒಳ್ಳೆಯ ಮಾತನ್ನೇ ಸಿದ್ಧ ಮಾಡಿ ಕೊಟ್ಟಿದ್ದರು. ಎರಡು ಸನ್ನೆ ಸಾಕಿತ್ತು, ಅವಳು ನಂಬುತ್ತಿದ್ದಳು. ನಾನು ಕೈ ಹೊರಗೆ ತೆಗೆದೆ. ಚಿನ್ನ ಅಂದರು. ಮುಂದೆ ಕೂರಿಸಲ್ಲ ಅಂದರು. ಮೂಗಿ ಅಂದರು. ಮುಖ ಕಿವುಚುವುದನ್ನು ಅವರು ಕಿವುಚಿದಂತೆಯೇ ಕಿವುಚಿ ತೋರಿಸಿದೆ. ಯಾರ ಕಣ್ಣಿಗೂ ಬೀಳಬಾರದು ಎಂದು ಮೊದಲ ದಿನವೇ ಅಂದಿದ್ದರು, ನಯವಾದ ಹೊಲಿಗೆಯ ಮಾತು ನಾನು ಕಟ್ಟಿದ್ದು ಎಂದೆ. ಇದನ್ನು ಹೇಳಬೇಡಿ ಅಂದದ್ದನ್ನೂ ಹೇಳಿದೆ.

ಅವಳ ಮುಖ ಬಿಳಿಚಿತು. ಆಮೇಲೆ ಕೈಗಳು ಎದ್ದವು. ಅವಳ ಮಾತಿನ ಸುಕ್ಕನ್ನೂ ತೆಗೆಯಬೇಕೆಂದು ನನ್ನ ನಾಲಿಗೆ ಚಡಪಡಿಸಿತು. ತೆಗೆಯದೆ ಹೇಳಿದೆ:

‘ಬಂದವರು ಪುಸ್ತಕ ಕಟ್ಟಿಸೋಕೆ ಬರ್ತಾರೆ, ಹಾಡು ಕೇಳೋಕಲ್ಲ. ಮುಖ ಕಿವುಚೋದು ನೀವೇ ಜಾಸ್ತಿ, ನಿಮ್ಮನ್ನ ಯಾರೂ ಒಳಗೆ ಕೂರಿಸಿಲ್ಲ. ಒಂದು ವಾರ ನೋಡಿ. ಆಗಲ್ಲ ಅಂದ್ರೆ ಬೇರೆ ಅಂಗಡಿ ನೋಡ್ಕೋತೀನಿ.’

ಯಜಮಾನರು ಯಂತ್ರ ನಿಲ್ಲಿಸಲು ಕೂಗಿದರು. ಆ ನಿಶ್ಶಬ್ದದಲ್ಲಿ ‘ನೋಡೋಣ’ ಎಂದರು. ಫೋನು ಅದನ್ನು ದೊಡ್ಡದಾಗಿ ಬರೆಯಿತು. ದನಿ ಹೇಗಿತ್ತೆಂದು ಮಗಳು ನನ್ನನ್ನು ಕೇಳಿದಳು. ಒಲ್ಲದ ದನಿ ಎಂದೆ.

ಅವಳು ತಲೆಯಾಡಿಸಿ ಒಳಕೋಣೆಗೆ ಕೆಲಸಕ್ಕೆ ಹೋದಳು. ಅವತ್ತು, ಅದರ ಮರುದಿನ, ನನ್ನೊಂದಿಗೆ ಮಾತಾಡಲಿಲ್ಲ.

ಹದಿಮೂರು ವರ್ಷದಲ್ಲಿ ಕೊಟ್ಟ ಮಾತನ್ನು ಪೂರ್ತಿ ಉಳಿಸಿಕೊಂಡದ್ದು ಆ ಒಂದು ಸಲ.