ಪರೀಕ್ಷೆಗೆ ಹುಲಿಗವ್ವನ ಕೈ

ಎರಡನೆಯ ಮಹಾಯುದ್ಧದ ಕಾಲ. ಹೊಸ ವಾಯರ್ ಸಿಗದೆ, ನಮ್ಮ ಮಾವ ವಿರೂಪಾಕ್ಷಪ್ಪನವರು ಗಿರಣಿಯಲ್ಲಿ ಬಿಚ್ಚಿಟ್ಟಿದ್ದ ಹಳೆಯ ವಾಯರನ್ನೇ ಕೊಪ್ಪಳದ ಮನೆಗೆ ಎಳೆಸಿ, ಹತ್ತಿ ಗಿರಣಿಯ ಡೈನಮೋದಿಂದ ಬಿಜಲಿ ತಂದರು. ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಕೆಲಸದ ಹುಲಿಗವ್ವ ಹೇಳಿದಾಗ ನನ್ನ ಹೊರತು ಯಾರೂ ನಂಬಲಿಲ್ಲ. ಆ ನಲ್ಲಿ ಮುಟ್ಟುವವಳು ಮನೆಯಲ್ಲಿ ಅವಳೊಬ್ಬಳೇ. ಉಳಿದವರಿಗೆಲ್ಲ ತುಂಬಿದ ಕೊಡ ಸಿಗುತ್ತಿತ್ತು.

ಸೊಸೆಯಾದ ನಾನು ಬಿಡದೆ ಹೇಳಿದ ಮೇಲೆ ಗಿರಣಿಯ ಮಿಸ್ತ್ರಿ ಬಾಬಾಸಾಬ ಬಂದ. ಬಲ್ಬಿಗೆ ಎರಡು ವಾಯರ್ ಕಟ್ಟಿದ್ದ ಟೆಸ್ಟರ್ ತಂದಿದ್ದ. ಒಂದು ತುದಿಯನ್ನು ನಲ್ಲಿಗೆ, ಇನ್ನೊಂದನ್ನು ಒದ್ದೆ ನೆಲಕ್ಕೆ ಹಿಡಿದ. ಬಲ್ಬು ಹತ್ತಲಿಲ್ಲ. ಕಾಲಿಗೆ ಜೋಡು ಹಾಕಿಕೊಂಡೇ ಬಚ್ಚಲಲ್ಲಿ ನಿಂತು ನಲ್ಲಿಯನ್ನೂ ಮುಟ್ಟಿದ.

"ಏನೂ ಇಲ್ಲರಿ ಧಣ್ಯಾರ."

"ಹುಲಿಗವ್ವ, ನೀ ಮುಟ್ಟು," ಎಂದರು ಮಾವ. ಅವಳು ಬರಿಗಾಲಲ್ಲಿ ನಿಂತು ಬೆರಳು ತಾಗಿಸಿದಳು, ಹಿಂದಕ್ಕೆ ಜಿಗಿದಳು.

"ಕಿನ್ನಾಳ ಬೊಂಬಿ ಹಂಗ ಕುಣೀತಿಯಲ್ಲ."

"ಬೊಂಬಿಗೆ ಜುಮ್ಮ ಅನ್ನಂಗಿಲ್ಲರಿ ಧಣ್ಯಾರ."

"ಬಾಯಿ ಭಾಳ ಆತು. ಇನ್ನೊಮ್ಮಿ ಮುಟ್ಟು, ಸರಿಯಾಗಿ ಹಿಡಿ. ಇಲ್ಲಾಂದ್ರ ನಾಳಿಂದ ಬರಬ್ಯಾಡ. ಕನಕಗಿರಿಯಿಂದ ಬ್ಯಾರೆಯಾಕಿನ್ನ ಕರಸ್ತೀನಿ."

ಅವಳು ಸೆರಗಿನಿಂದ ಕೈ ಒರೆಸಿಕೊಂಡು ಮುಂದೆ ಬಂದಳು. ನಾನು ನಲ್ಲಿಗೆ ಅಡ್ಡ ನಿಂತೆ.

"ಬಲ್ಬು ಹತ್ತಾಕ ಭಾಳ ಬಿಜಲಿ ಬೇಕು ಮಾವಾರ. ಮನಷ್ಯಾರ ಜೀವಾ ತಗಿಯಾಕ ಅಷ್ಟು ಬೇಕಾಗಿಲ್ಲ. ಗಿರಣ್ಯಾಗ ಮೋಟರಿನಾಗ ಬಿಜಲಿ ಸೋರತೈತೇನು ನೋಡೋ ಮೇಗರ್ ಪೆಟಿಗಿ ಐತೆಲ್ಲ, ಅದನ್ನ ತರಸ್ರಿ."

"ಅದು ಮುಂಬಯಿಯಿಂದ ಮೋಟರಿಗೆ ತರಸಿದ್ದು. ಬಚ್ಚಲಕ್ಕಲ್ಲ."

ಮೋಟರಿನ ಮೈಗೆ ಮುಂಬಯಿಯಿಂದ ಪೆಟ್ಟಿಗೆ, ಇವಳ ಮೈಗೆ ಇವಳದೇ ಕೈ. ನಾನು ಮಿಸ್ತ್ರಿಯ ಕಡೆ ತಿರುಗಿದೆ.

"ಏನೂ ಇಲ್ಲ ಅಂದ್ರೆಲ್ಲ, ಜೋಡು ಬಿಟ್ಟು, ಒದ್ದಿ ನೆಲದಾಗ ನಿಂತು ನೀವ ಮುಟ್ರಿ."

ಬಾಬಾಸಾಬ ತನ್ನ ಜೋಡು ನೋಡಿಕೊಂಡ, ಮಾವನವರನ್ನು ನೋಡಿದ. ಕೈ ಬೆನ್ನ ಹಿಂದೆ ಹೋಯಿತು.

"ಪೆಟಿಗಿ ತರ್ತೀನ್ರಿ," ಎಂದ ಮೆಲ್ಲಗೆ. ಮಾವ ಬೇಡವೆನ್ನಲಿಲ್ಲ.

ಬಿಜಲಿ ಬಂದ್ ಮಾಡಿಸಿ, ಪೆಟ್ಟಿಗೆಯ ಒಂದು ತಂತಿಯನ್ನು ಗೋಡೆಯ ವಾಯರಿಗೆ, ಇನ್ನೊಂದನ್ನು ನಲ್ಲಿಗೆ ಕಟ್ಟಿ ಹಿಡಿಕೆ ತಿರುಗಿಸಿದ. ವಾಯರಿನ ಹೊದಿಕೆ ಗಟ್ಟಿಯಾಗಿದ್ದರೆ ಮುಳ್ಳು ಮೇಲಿನ ತುದಿಗೆ ಹೋಗಬೇಕು. ಅದು ಸೊನ್ನೆಯ ಹತ್ತಿರವೇ ನಿಂತಿತು.

"ವಾಯರ್ ಸೋರತೈತ್ರಿ. ಗ್ವಾಡಿ ನೆನದೈತಿ, ಬಿಜಲಿ ನಲ್ಲಿಗೆ ಇಳದೈತಿ. ಮಳಿಗಾಲದಾಗ ಇದನ್ನ ಗಟ್ಟಿ ಹಿಡದಿದ್ರ…"

"ಪೆಟಿಗಿ ಭಾಳ ಶಾಣ್ಯಾ ಐತಿ," ಎಂದರು ಮಾವ.

"ಹುಲಿಗವ್ವನೂ ಇದನ್ನ ಹೇಳಿದ್ಲು," ಎಂದೆ.

ಮಾವ ಹುಲಿಗವ್ವನ ಕಡೆ ತಿರುಗಿದರು. "ಸಂಜಿಗೆ ವಾಯರ್ ತಗಿಸಿದ್ರಾತು. ಈಗ ಬಿಜಲಿ ಬಂದ್ ಐತಿ, ನೀರು ತುಂಬು," ಎಂದರು ಅವಳಿಗೆ.

ಹುಲಿಗವ್ವ ಕೊಡವನ್ನು ಬೋರಲು ಹಾಕಿ, ಬಚ್ಚಲಿನ ಹೊಸ್ತಿಲಾಚೆ ಕೂತಳು.

"ಆ ವಾಯರ್ ಕಿತ್ತು ನನ್ನ ಕಣ್ಮುಂದ ಹೊರಗ ಹೋಗ್ಲಿ. ಆಮ್ಯಾಲ ತುಂಬತೀನ್ರಿ."

ಮಾವ ನನ್ನತ್ತ ನೋಡಿದರು, ಅವಳನ್ನು ಎಬ್ಬಿಸು ಎನ್ನುವಂತೆ. ನಾನು ಅವಳ ಪಕ್ಕದಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಬಾಬಾಸಾಬ ಏಣಿ ತಂದು ವಾಯರ್ ಹೋಗಿದ್ದ ಗೋಡೆಗೆ ಆನಿಸಿದ.